ಕಪ್ಪಿಟ್ಟ ಲಕ್ಕುಂಡಿ: ಬಚ್ಚಲಮನೆಯಲ್ಲಿ ತೊಳೆದ ಒಂದು ಸ್ಲೈಡ್ ರೀಲಿನ ಪ್ರಕರಣ ಅಧ್ಯಯನ

ಈ ಪ್ರಕರಣ ಒಂದೇ ಒಂದು ರೀಲಿಗೆ ಸಂಬಂಧಿಸಿದ್ದು. ಕಳೆದ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ತೆಗೆದ 36 ಚಿತ್ರಗಳ ಎಕ್ಟಾಕ್ರೋಮ್ ಇ100 ಸ್ಲೈಡ್ ಫಿಲ್ಮನ್ನು (ನೆಗೆಟಿವ್ ಬದಲು ನೇರವಾಗಿ ನಿಜ ಬಣ್ಣದ ಚಿತ್ರವೇ ಮೂಡುವ ಫಿಲ್ಮು) ಧಾರವಾಡದ ನಮ್ಮ ಮನೆಯ ಬಚ್ಚಲಲ್ಲಿ ತೊಳೆದಾಗ ಮೊದಲಿನಿಂದ ಕೊನೆಯವರೆಗೆ ಎಲ್ಲ ಚಿತ್ರಗಳೂ ಕಪ್ಪಿಟ್ಟು ಬಂದವು. ಕೆಟ್ಟುಹೋದವು ಎನ್ನುವಷ್ಟು ಕಪ್ಪಲ್ಲ. ಬೆಳಕಿಗೆ ಹಿಡಿದರೆ ಕಂಬ, ಬಾಗಿಲವಾಡ, ಮೆಟ್ಟಿಲು ಎಲ್ಲವೂ ಕಾಣುತ್ತಿದ್ದವು. ಆದರೆ ಬೆಳಗಿನ ಹತ್ತು ಗಂಟೆಯ ಬಿಸಿಲಲ್ಲಿ ತೆಗೆದ ಚಿತ್ರಗಳು ಸಂಜೆ ಹೊತ್ತು ಮುಳುಗುವಾಗ ತೆಗೆದವುಗಳಂತೆ ಇದ್ದವು. ತಪ್ಪು ಎಲ್ಲಿ ಆಯಿತು ಎಂಬುದನ್ನು ಕಂಡುಹಿಡಿಯಲು ನಮಗೆ ಮೂರು ವಾರ ಬೇಕಾದವು. ಆ ಮೂರು ವಾರಗಳಲ್ಲಿ ಏನನ್ನು ಅನುಮಾನಿಸಿದೆವು, ಯಾವ ಆಧಾರದ ಮೇಲೆ ಅದನ್ನು ಕೈಬಿಟ್ಟೆವು, ಕೊನೆಗೆ ಎಲ್ಲಿ ಬಂದು ನಿಂತೆವು ಎಂಬುದನ್ನು ಕ್ರಮವಾಗಿ ದಾಖಲಿಸುವುದು ಈ ಬರಹದ ಉದ್ದೇಶ. ನಮ್ಮ ಕಡೆ ಸ್ಟುಡಿಯೊದವರು ಡೆವಲಪ್ ಮಾಡುವ ಇಡೀ ಕೆಲಸಕ್ಕೆ ‘ರೀಲು ತೊಳೆಯುವುದು’ ಎನ್ನುತ್ತಾರೆ. ನಾನೂ ಇಲ್ಲಿ ಅದೇ ಮಾತನ್ನು ಬಳಸುತ್ತೇನೆ.

ಹಿನ್ನೆಲೆ

ನನ್ನ ಕಾಕಾ ಗದಗಿನಲ್ಲಿ ಬಹಳ ವರ್ಷ ಸ್ಟುಡಿಯೊ ನಡೆಸಿದವರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅಂಗಡಿ ಮುಚ್ಚಿ ಈಗ ಧಾರವಾಡದಲ್ಲಿ ನಮ್ಮ ಜೊತೆಗೇ ಇದ್ದಾರೆ. ಮದುವೆ, ಮುಂಜಿವೆ, ಪಾಸ್‌ಪೋರ್ಟ್ ಅಳತೆಯ ಫೋಟೊಗಳ ನಡುವೆ ಅವರು ತಮ್ಮ ಸಂತೋಷಕ್ಕೆಂದು ತೆಗೆದುಕೊಂಡಿದ್ದು ಲಕ್ಕುಂಡಿಯ ಗುಡಿಗಳ ಸ್ಲೈಡುಗಳನ್ನು. 1980ರ ದಶಕದಲ್ಲಿ ತೆಗೆದು, ಅಂಚೆಯಲ್ಲಿ ಮುಂಬೈಗೆ ಕಳಿಸಿ ತೊಳೆಸಿ ತರಿಸಿಕೊಂಡ ಆ ಸ್ಲೈಡುಗಳು ರಟ್ಟಿನ ಚೌಕಟ್ಟಿನಲ್ಲಿ ಕುಳಿತು, ಒಂದು ತಗಡಿನ ಡಬ್ಬಿಯಲ್ಲಿ ಇಂದಿಗೂ ಇವೆ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಒಂದು ಸ್ಲೈಡನ್ನು ಕಿಟಕಿಗೆ ಹಿಡಿದು ನೋಡಿದಾಗ, ಬಳಪದ ಕಲ್ಲಿನ ಆ ಹಸಿರು ಬೆರೆತ ಬೂದು ಬಣ್ಣ ಎಲ್ಲಿಯೂ ಮಾಸದೆ ಉಳಿದಿರುವುದನ್ನು ಕಂಡು ನನಗೂ ಅದೇ ಜಾಗದಲ್ಲಿ ನಿಂತು ಅದೇ ಬಗೆಯ ಚಿತ್ರ ತೆಗೆಯಬೇಕೆನಿಸಿತು. ನಾನು ಕಪ್ಪು-ಬಿಳುಪು ಫಿಲ್ಮನ್ನು ಹತ್ತು ವರ್ಷಗಳಿಂದ ಮನೆಯಲ್ಲೇ ತೊಳೆಯುತ್ತ ಬಂದಿದ್ದೇನೆ. ಬಣ್ಣದ ಸ್ಲೈಡನ್ನು ಮಾತ್ರ ಎಂದೂ ಮುಟ್ಟಿರಲಿಲ್ಲ.

ಸ್ಲೈಡ್ ಫಿಲ್ಮೇ ಏಕೆ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ನೆಗೆಟಿವ್‌ನಲ್ಲಿ ತಪ್ಪಾದರೆ ಪ್ರಿಂಟ್ ಹಾಕುವಾಗ ಅರ್ಧದಷ್ಟನ್ನು ಸರಿಪಡಿಸಬಹುದು. ಸ್ಲೈಡಿನಲ್ಲಿ ಕ್ಯಾಮೆರಾದೊಳಗೆ ಹಾಕಿದ ಫಿಲ್ಮೇ ಕೊನೆಯ ಚಿತ್ರ. ಅರ್ಧ ಸ್ಟಾಪಿನ ತಪ್ಪು ಕೂಡ (ಒಂದು ಸ್ಟಾಪು ಎಂದರೆ ಬೆಳಕು ಇಮ್ಮಡಿ ಇಲ್ಲವೆ ಅರ್ಧವಾಗುವ ಅಳತೆ) ಬರಿಗಣ್ಣಿಗೆ ಕಾಣುತ್ತದೆ. ಇದೇ ಕಾರಣಕ್ಕೆ ಸ್ಲೈಡ್ ಕಷ್ಟದ್ದು. ಇದೇ ಕಾರಣಕ್ಕೆ ಅದು ಕಲಿಸುತ್ತದೆ ಕೂಡ, ಏಕೆಂದರೆ ತಪ್ಪನ್ನು ಮುಚ್ಚಿಡಲು ಅದರಲ್ಲಿ ಜಾಗವೇ ಇಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಸ್ಲೈಡ್ ತೊಳೆದುಕೊಡುವವರು ನನಗೆ ಸಿಗಲಿಲ್ಲ. ದೂರದ ಊರಿಗೆ ಕೊರಿಯರ್ ಮಾಡುವುದಕ್ಕಿಂತ ತೊಳೆಯುವ ದ್ರಾವಣಗಳ ಕಿಟ್ ತರಿಸಿ ಮನೆಯಲ್ಲೇ ಮಾಡುವುದೆಂದು ನಿಶ್ಚಯಿಸಿದೆವು. ಇದು ಆಗದ ಕೆಲಸವೇನಲ್ಲ. ಕೊಡ್ಯಾಕ್ರೋಮ್ ಎಂಬ ಇನ್ನೊಂದು ಸ್ಲೈಡ್ ಫಿಲ್ಮು ಆಗಿದ್ದರೆ ಆಗುತ್ತಿರಲಿಲ್ಲ. ಅದರಲ್ಲಿ ಬಣ್ಣ ಹುಟ್ಟಿಸುವ ಪದಾರ್ಥಗಳು ಫಿಲ್ಮಿನಲ್ಲಿರದೆ ಡೆವಲಪರುಗಳಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣಗಳಲ್ಲಿ, ಇರುತ್ತಿದ್ದವು, ಮೂರು ಬಣ್ಣಕ್ಕೆ ಮೂರು ಬೇರೆ ಬೇರೆ ಡೆವಲಪರು ಬೇಕಾಗುತ್ತಿತ್ತು. ಹಾಗಾಗಿ 2009ರಲ್ಲಿ ಆ ಫಿಲ್ಮು ನಿಂತು, 2010ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿದ್ದ ಕೊನೆಯ ಲ್ಯಾಬು ಅದನ್ನು ತೊಳೆಯಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಆ ದಾರಿಯೇ ಮುಚ್ಚಿತು. ಎಕ್ಟಾಕ್ರೋಮ್ ಬಗೆಯ ಫಿಲ್ಮಿನಲ್ಲಿ ಆ ಪದಾರ್ಥಗಳು ಫಿಲ್ಮಿನ ಪದರಗಳೊಳಗೇ ಕೂತಿರುತ್ತವೆ. 2012ರಲ್ಲಿ ನಿಂತಿದ್ದ ಎಕ್ಟಾಕ್ರೋಮ್ 2018ರಲ್ಲಿ ಮತ್ತೆ ಬಂದದ್ದರಿಂದ ನಮ್ಮಂಥವರಿಗೆ ಈ ಕೆಲಸ ಇನ್ನೂ ಸಾಧ್ಯವಾಗಿದೆ.

ತೊಳೆಯುವ ಕ್ರಮ

ಈ ಫಿಲ್ಮುಗಳನ್ನು ತೊಳೆಯುವ ವಿಧಾನಕ್ಕೆ ಇ-6 ಎಂದು ಹೆಸರು. 1970ರ ದಶಕದಲ್ಲಿ ಕೊಡ್ಯಾಕ್ ಕಂಪನಿ ತಂದದ್ದು. ಲ್ಯಾಬುಗಳಲ್ಲಿ ಇದಕ್ಕೆ ಆರು ದ್ರಾವಣಗಳನ್ನು ಬಳಸಿದರೆ ಮನೆಗೆಂದು ಮಾಡಿದ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಮೂರೇ ಇರುತ್ತವೆ: ಮೊದಲ ಡೆವಲಪರ್, ಕಲರ್ ಡೆವಲಪರ್, ಬ್ಲೀಚ್ ಮತ್ತು ಫಿಕ್ಸರ್ ಎರಡೂ ಸೇರಿದ ಬ್ಲಿಕ್ಸ್. ನಮ್ಮ ಕಿಟ್ಟಿನ ಕೈಪಿಡಿಯಂತೆ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಡೆವಲಪರಿಗೆ 6 ನಿಮಿಷ 15 ಸೆಕೆಂಡು, ಕಲರ್ ಡೆವಲಪರಿಗೆ 6 ನಿಮಿಷ, ಬ್ಲಿಕ್ಸಿಗೆ 6 ನಿಮಿಷ. ನಡುನಡುವೆ ಅದೇ ಬಿಸಿಯ ನೀರಿನಲ್ಲಿ ತೊಳೆತ, ಕೊನೆಗೆ ಒಂದು ನಿಮಿಷ ಬಣ್ಣ ಮಾಸದಂತೆ ಕಾಯುವ ಸ್ಟೆಬಿಲೈಜರ್.

ಇದರೊಳಗೆ ನಡೆಯುವುದೇನು ಎಂಬುದನ್ನು ತಿಳಿಯದೆ ಮುಂದಿನ ತಪಾಸಣೆ ಅರ್ಥವಾಗುವುದಿಲ್ಲ. ಮೊದಲ ಡೆವಲಪರ್ ವಾಸ್ತವದಲ್ಲಿ ಕಪ್ಪು-ಬಿಳುಪಿನ ಡೆವಲಪರೇ. ಫಿಲ್ಮಿನಲ್ಲಿರುವ ಬೆಳ್ಳಿಯ ಲವಣದ ಕಣಗಳಲ್ಲಿ ಬೆಳಕು ಬಿದ್ದವನ್ನೆಲ್ಲ ಅದು ಬೆಳ್ಳಿಯನ್ನಾಗಿ ಮಾಡುತ್ತದೆ. ಬೆಳಕು ಬೀಳದ ಕಣಗಳು ಹಾಗೆಯೇ ಉಳಿಯುತ್ತವೆ. ಹೀಗೆ ಉಳಿದದ್ದೇ ಮುಂದೆ ಚಿತ್ರವಾಗುವುದು. ಹಿಂದಿನ ಕಾಲದ ವಿಧಾನಗಳಲ್ಲಿ ಈ ಉಳಿದ ಕಣಗಳಿಗೆ ಫಿಲ್ಮನ್ನು ತೆರೆದು ದೀಪದ ಬೆಳಕು ತೋರಿಸುತ್ತಿದ್ದರು. ಈಗ ಆ ಕೆಲಸವನ್ನು ತವರದ ಲವಣವೊಂದು ಮಾಡುತ್ತದೆ. ಆಮೇಲೆ ಕಲರ್ ಡೆವಲಪರ್ ಆ ಉಳಿದ ಕಣಗಳನ್ನು ಬೆಳ್ಳಿ ಮಾಡುತ್ತಲೇ ಅವುಗಳ ಪಕ್ಕದಲ್ಲಿ ಹಳದಿ, ಮಜೆಂಟಾ, ಸಯಾನ್ ಬಣ್ಣಗಳನ್ನು ಹುಟ್ಟಿಸುತ್ತದೆ. ಬ್ಲಿಕ್ಸ್ ಬಂದು ಎರಡೂ ಸಲದ ಬೆಳ್ಳಿಯನ್ನು ಪೂರ್ತಿ ತೆಗೆದುಹಾಕಿದಾಗ ಬರೀ ಬಣ್ಣ ಉಳಿಯುತ್ತದೆ. ಆದ್ದರಿಂದ ಮೊದಲ ಡೆವಲಪರ್ ಎಷ್ಟು ಹೆಚ್ಚು ಕೆಲಸ ಮಾಡಿತೋ ಸ್ಲೈಡು ಅಷ್ಟು ತಿಳಿಯಾಗುತ್ತದೆ, ಎಷ್ಟು ಕಡಿಮೆ ಮಾಡಿತೋ ಅಷ್ಟು ಕಪ್ಪಾಗುತ್ತದೆ. ನೆಗೆಟಿವ್ ತೊಳೆದು ರೂಢಿಯಾದವರಿಗೆ ಇದು ತಲೆಕೆಳಗಿನ ಲೆಕ್ಕ. ನನಗೂ ಮೊದಲ ವಾರ ಇದು ಕೈಗೆ ಹತ್ತಲಿಲ್ಲ.

ಆ ದಿನ ನಾನು ಮಾಡಿದ್ದು ಇಷ್ಟು. ರಾತ್ರಿ ಬಚ್ಚಲ ಬಾಗಿಲಿನ ಸಂದಿಗೆ ಕಂಬಳಿ ತುರುಕಿ, ಕತ್ತಲಲ್ಲಿ ಫಿಲ್ಮನ್ನು ಸುರುಳಿಗೆ ಏರಿಸಿ, ಬೆಳಕು ಹೊಗದ ತೊಳೆಯುವ ಟ್ಯಾಂಕಿನಲ್ಲಿ ಇಟ್ಟೆ. ಬೆಳಿಗ್ಗೆ ದ್ರಾವಣದ ಬಾಟಲಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಅಡುಗೆಗೆ ಬಳಸುವ ಮೊನೆಯುಳ್ಳ ಡಿಜಿಟಲ್ ಥರ್ಮಾಮೀಟರು 38 ಎಂದು ತೋರಿಸಿದ ಕೂಡಲೆ ಮೊದಲ ಡೆವಲಪರನ್ನು ಟ್ಯಾಂಕಿಗೆ ಹೊಯ್ದೆ. ಅಲ್ಲಿಂದ ಮುಂದೆ ಕಪ್ಪು-ಬಿಳುಪಿನಲ್ಲಿ ಮಾಡುವಂತೆ ಟ್ಯಾಂಕನ್ನು ಕೈಯಲ್ಲೇ ಹಿಡಿದು, ಹದಿನೈದು ಸೆಕೆಂಡಿಗೊಮ್ಮೆ ಬೋರಲು ಹಾಕಿ ನೆಟ್ಟಗೆ ಮಾಡುತ್ತ 6 ನಿಮಿಷ 15 ಸೆಕೆಂಡು ಮುಗಿಸಿದೆ. ಬಚ್ಚಲಿನ ಗಾಳಿ ಆಗ 21 ಡಿಗ್ರಿ ಇತ್ತು. ಈ ಕೊನೆಯ ಮೂರು ವಾಕ್ಯಗಳಲ್ಲಿ ಇಡೀ ಪ್ರಕರಣದ ಕಾರಣ ಅಡಗಿದೆ, ಆದರೆ ಅಂದು ಅವು ನನಗೆ ಗಮನಿಸತಕ್ಕ ಸಂಗತಿಗಳೇ ಅನ್ನಿಸಿರಲಿಲ್ಲ.

ತಪಾಸಣೆ

ಒಣಗಿದ ಫಿಲ್ಮನ್ನು ನೋಡಿದಾಗ ನಾನು ಮೊದಲು ದೂರಿದ್ದು ಕಾಕಾನ ಹಳೆಯ ಲೈಟ್ ಮೀಟರನ್ನು. ಲಕ್ಕುಂಡಿಯಲ್ಲಿ ಪ್ರತಿಯೊಂದು ಚಿತ್ರಕ್ಕೂ ಅವರೇ ಬೆಳಕು ಅಳೆದು ಹೇಳಿದ್ದರು. ಮೀಟರು ಹೆಚ್ಚು ಬೆಳಕು ಇದೆಯೆಂದು ತೋರಿಸಿದ್ದರೆ ಎಲ್ಲ ಚಿತ್ರಗಳೂ ಒಂದೇ ಪ್ರಮಾಣದಲ್ಲಿ ಕಪ್ಪಾಗುವುದು ಸಹಜ. ಕಾಕಾ ಸಿಟ್ಟಾಗಲಿಲ್ಲ. ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಮೀಟರ್ ಸುಳ್ಳ ಹೇಳೂದಿಲ್ಲ ತಮ್ಮಾ. ನೀ ಮೊದ್ಲ ಚಿತ್ರ ಬಿಟ್ಟು ಫಿಲ್ಮಿನ ಅಂಚ ನೋಡು” ಎಂದರು.

ಆದರೆ ಅಂಚನ್ನು ನೋಡುವುದಕ್ಕೆ ಮೊದಲು ನಾನು ಇನ್ನೊಂದು ಅನುಮಾನವನ್ನು ತೀರಿಸಿಕೊಂಡೆ. ಬ್ಲಿಕ್ಸ್ ತನ್ನ ಕೆಲಸ ಪೂರ್ತಿ ಮಾಡದೆ ಬೆಳ್ಳಿ ಫಿಲ್ಮಿನಲ್ಲಿ ಉಳಿದಿದ್ದರೂ ಸ್ಲೈಡು ಕಪ್ಪಾಗಿ, ಬಣ್ಣ ಮಂಕಾಗಿ ಕಾಣುತ್ತದೆ. ಇದು ಸರಿಪಡಿಸಬಹುದಾದ ತಪ್ಪು; ಫಿಲ್ಮನ್ನು ನೀರಿನಲ್ಲಿ ನೆನೆಸಿ, ಕೋಣೆಯ ಬೆಳಕಿನಲ್ಲೇ ಮತ್ತೆ ಬ್ಲಿಕ್ಸಿನಲ್ಲಿ ಇಟ್ಟರೆ ಉಳಿದ ಬೆಳ್ಳಿ ಹೋಗುತ್ತದೆ, ಬಣ್ಣಕ್ಕೆ ಧಕ್ಕೆಯಾಗುವುದಿಲ್ಲ. ಆರು ಚಿತ್ರಗಳ ಒಂದು ತುಂಡನ್ನು ಹತ್ತು ನಿಮಿಷ ಮತ್ತೆ ಬ್ಲಿಕ್ಸಿಗೆ ಹಾಕಿ, ತೊಳೆದು, ಒಣಗಿಸಿ ಪಕ್ಕದ ತುಂಡಿನ ಜೊತೆ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಲ್ಲಿಗೆ ಬ್ಲಿಕ್ಸಿನ ಮೇಲಿನ ಅನುಮಾನ ಮುಗಿಯಿತು. ಕಪ್ಪಿಟ್ಟ ಸ್ಲೈಡು ಬಂದ ಯಾರಾದರೂ ಮೊದಲು ಮಾಡಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಇದೊಂದೇ ತಪ್ಪಿನಲ್ಲಿ ಚಿತ್ರಗಳು ಉಳಿಯುವ ಸಾಧ್ಯತೆ ಇದೆ.

ಇನ್ನು ಅಂಚು. 35 ಎಂ.ಎಂ. ಫಿಲ್ಮಿನ ಅಂಚಿನಲ್ಲಿ, ತೂತುಗಳ ಪಕ್ಕದಲ್ಲಿ, ಫಿಲ್ಮಿನ ಹೆಸರು ಮತ್ತು ಚಿತ್ರದ ಅಂಕಿಗಳು ಇರುತ್ತವೆ. ಇವನ್ನು ಶಾಯಿಯಿಂದ ಒತ್ತಿರುವುದಿಲ್ಲ. ಕಾರ್ಖಾನೆಯಲ್ಲಿ ಗೊತ್ತಾದ ಪ್ರಮಾಣದ ಬೆಳಕಿನಿಂದ ಬರೆದಿರುತ್ತಾರೆ, ನಾವು ತೊಳೆದಾಗಲೇ ಅವು ಮೂಡುತ್ತವೆ. ನನ್ನ ಲೆನ್ಸಿಗೂ ಕಾಕಾನ ಮೀಟರಿಗೂ ಆ ಅಂಕಿಗಳಿಗೂ ಯಾವ ಸಂಬಂಧವೂ ಇಲ್ಲ. ಹೀಗಾಗಿ ಚಿತ್ರ ಕಪ್ಪಾಗಿ ಅಂಕಿ ಬೆಳಗಿದ್ದರೆ ತಪ್ಪು ಕ್ಯಾಮೆರಾದ್ದು. ಚಿತ್ರವೂ ಅಂಕಿಯೂ ಎರಡೂ ಮಂಕಾಗಿದ್ದರೆ ತಪ್ಪು ತೊಳೆತದ್ದು. ಬೆಂಗಳೂರಿನ ಗೆಳೆಯರೊಬ್ಬರು ಲ್ಯಾಬಿನಲ್ಲಿ ತೊಳೆಸಿದ ಇದೇ ಇ100 ಫಿಲ್ಮಿನ ಒಂದು ತುಂಡನ್ನು ಕಳಿಸಿಕೊಟ್ಟರು. ಎರಡನ್ನೂ ಒಂದು ಬಿಳಿ ಹಾಳೆಯ ಮುಂದೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ಅವರ ತುಂಡಿನಲ್ಲಿ ಅಂಕಿಗಳು ಕಪ್ಪು ಅಂಚಿನಲ್ಲಿ ಹಣತೆ ಹಚ್ಚಿಟ್ಟಂತೆ ಹೊಳೆಯುತ್ತಿದ್ದವು. ನಮ್ಮದರಲ್ಲಿ ಅದೇ ಅಂಕಿಗಳು ಕಂದಿ, ಗೆರೆಗಳು ಸಣ್ಣವಾಗಿದ್ದವು. ಫಿಲ್ಮಿನ ತುದಿ, ಅಂದರೆ ಕ್ಯಾಮೆರಾಕ್ಕೆ ಹಾಕುವಾಗ ಪೂರ್ತಿ ಬೆಳಕಿಗೆ ಬಿದ್ದ ಭಾಗ, ಅವರದರಲ್ಲಿ ಗಾಜಿನಂತೆ ತಿಳಿಯಾಗಿತ್ತು. ನಮ್ಮದರಲ್ಲಿ ಅದರ ಮೇಲೆ ತೆಳುವಾದ ಮಬ್ಬು ಇತ್ತು. ನಾನು ಕಾಕಾನ ಕ್ಷಮೆ ಕೇಳಿದೆ. ತಪ್ಪು ಮೊದಲ ಡೆವಲಪರಿನಲ್ಲಿ ಆಗಿತ್ತು, ಅದು ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡಿರಲಿಲ್ಲ.

ಡೆವಲಪರ್ ಕಡಿಮೆ ಕೆಲಸ ಮಾಡಲು ನಾಲ್ಕು ಕಾರಣಗಳಿರಬಹುದು: ಕಲಸುವಾಗ ನೀರು ಹೆಚ್ಚಾಗಿರಬಹುದು, ದ್ರಾವಣ ಹಳೆಯದಾಗಿರಬಹುದು, ಸಮಯ ಕಡಿಮೆಯಾಗಿರಬಹುದು, ಇಲ್ಲವೆ ಬಿಸಿ ಸಾಲದೆ ಹೋಗಿರಬಹುದು. ಅಳತೆಯ ಜಾಡಿಯಲ್ಲಿ ಗುರುತು ನೋಡಿ ಕಲಸಿದ್ದೆ. ಕಿಟ್ ಒಡೆದು ಎರಡೇ ದಿನವಾಗಿತ್ತು ಮತ್ತು ಇದು ಅದರ ಮೊದಲ ರೀಲು. ಸಮಯವನ್ನು ಗಡಿಯಾರದಲ್ಲಿ ನೋಡಿ ಬರೆದಿಟ್ಟಿದ್ದೆ. ಉಳಿದದ್ದು ಬಿಸಿ.

ಜ್ವರದ ಥರ್ಮಾಮೀಟರು

ಥರ್ಮಾಮೀಟರು 38 ಎಂದು ತೋರಿಸಿತ್ತು ಎಂಬುದು ನಿಜ. ಆದರೆ ಅದು ತೋರಿಸಿದ 38 ನಿಜವಾದ 38 ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಮನೆಯಲ್ಲಿ ಏನಿದೆ? ಕರಗುವ ಮಂಜುಗಡ್ಡೆಯಲ್ಲಿ ಸೊನ್ನೆಯನ್ನೂ ಕುದಿಯುವ ನೀರಿನಲ್ಲಿ ನೂರನ್ನೂ ನೋಡಬಹುದು, ಆದರೆ ನಡುವಿನ 38ರ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಧಾರವಾಡವು ಸಮುದ್ರಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸರಿಯಾಗಿ ನೂರಕ್ಕೆ ಕುದಿಯುವುದೂ ಇಲ್ಲ. ಆಗ ಹೊಳೆದದ್ದು, 38 ಡಿಗ್ರಿ ಎಂದರೆ 100.4 ಫ್ಯಾರನ್‌ಹೀಟ್, ಅಂದರೆ ಪ್ರತಿ ಮನೆಯಲ್ಲೂ ಮಕ್ಕಳಿಗೆ ಜ್ವರ ಬಂದಾಗ ನೋಡುವ ಅಂಕಿ. ಜ್ವರದ ಥರ್ಮಾಮೀಟರು ಕೆಲಸ ಮಾಡುವ ವ್ಯಾಪ್ತಿ ತೀರ ಸಣ್ಣದು. ಆ ಸಣ್ಣ ವ್ಯಾಪ್ತಿಯಲ್ಲಿ ಅದನ್ನು ಬಹಳ ನಿಖರವಾಗಿ ಮಾಡಿರುತ್ತಾರೆ. ಇ-6ಕ್ಕೆ ಬೇಕಾದ ಬಿಸಿ ಸರಿಯಾಗಿ ಅದರ ನಡುವೆ ಬೀಳುತ್ತದೆ.

ನಮ್ಮ ಮನೆಯ ಡಿಜಿಟಲ್ ಜ್ವರದ ಥರ್ಮಾಮೀಟರನ್ನೂ ಪಕ್ಕದ ಮನೆಯ ಮಾವಶಿಯವರಿಂದ ಕೇಳಿ ತಂದ ಇನ್ನೊಂದನ್ನೂ ಅಡುಗೆಯ ಥರ್ಮಾಮೀಟರಿನ ಜೊತೆಗೆ ಒಂದು ದೊಡ್ಡ ಬೋಗುಣಿಯ ಬೆಚ್ಚನೆಯ ನೀರಿನಲ್ಲಿ ಹಿಡಿದು, ನೀರನ್ನು ಕಲಕುತ್ತಲೇ ಓದಿದೆ. ಜ್ವರದವು ಎರಡೂ ತಮ್ಮೊಳಗೆ ಒಪ್ಪಿದವು. ಎರಡಕ್ಕೂ ಇದ್ದ ಅಂತರ 0.1 ಡಿಗ್ರಿ. ಅಡುಗೆಯದು ಅವೆರಡಕ್ಕಿಂತ 1.3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ನಾಲ್ಕು ಸಲ ನೋಡಿದರೂ ಅಷ್ಟೇ. ಅಂದರೆ ನಾನು 38 ಎಂದುಕೊಂಡು ಹೊಯ್ದ ಡೆವಲಪರ್ ನಿಜವಾಗಿ 36.7 ಡಿಗ್ರಿಯದಾಗಿತ್ತು. ಮೊದಲ ಡೆವಲಪರಿನ ಬಿಸಿಯಲ್ಲಿ ಅರ್ಧ ಡಿಗ್ರಿಯ ಏರುಪೇರನ್ನೂ ಒಪ್ಪದ ವಿಧಾನದಲ್ಲಿ ಇದು ದೊಡ್ಡ ತಪ್ಪು. ಪಾದರಸದ ಹಳೆಯ ಥರ್ಮಾಮೀಟರು ಇರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು: ಅದನ್ನು 42 ಡಿಗ್ರಿಗಿಂತ ಬಿಸಿಯಾದ ನೀರಿಗೆ ಅದ್ದಿದರೆ ಗಾಜು ಒಡೆದು ಪಾದರಸ ಹೊರಬೀಳುತ್ತದೆ. ನೀರು ಹಿತವಾಗಿ ಬೆಚ್ಚಗಿದೆಯೇ ಎಂದು ಮೊದಲು ಕೈಯಿಟ್ಟು ನೋಡಬೇಕು.

ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. 1.3 ಡಿಗ್ರಿಯಿಂದ ಮಾತ್ರ ಇಷ್ಟು ಕಪ್ಪಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಔಷಧಿಯಿಲ್ಲದೆ ಬರೀ ನೀರಿನಲ್ಲಿ ಒಂದು ತಾಲೀಮು ನಡೆಸಿದೆವು. ಹಾಳಾದ ಫಿಲ್ಮೊಂದನ್ನು ಸುರುಳಿಗೆ ಏರಿಸಿ, ಟ್ಯಾಂಕನ್ನು ರಾತ್ರಿಯಿಡೀ ಬಚ್ಚಲಲ್ಲೇ ಬಿಟ್ಟು, ಬೆಳಿಗ್ಗೆ ನಿಜವಾದ 36.7 ಡಿಗ್ರಿಯ 300 ಮಿಲಿ ಲೀಟರ್ ನೀರು ಹೊಯ್ದು ಅಂದಿನಂತೆಯೇ ಕೈಯಲ್ಲಿ ಹಿಡಿದು ಬೋರಲು ಹಾಕಿದೆ. ಅರ್ಧ ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿದರೆ 35.1. ತಣ್ಣಗಿದ್ದ ಟ್ಯಾಂಕು, ಸುರುಳಿ, ನಡುವಿನ ಕೊಳವೆ ಇವು ಮೂರೂ ಸೇರಿ ಅಷ್ಟು ಬಿಸಿಯನ್ನು ಕುಡಿದಿದ್ದವು. 6 ನಿಮಿಷ 15 ಸೆಕೆಂಡಿಗೆ ಹೊರಗೆ ಸುರಿದಾಗ 34.2. ನನ್ನ ಫಿಲ್ಮು 38ರಲ್ಲಿ ಒಂದು ಸೆಕೆಂಡೂ ಇರಲಿಲ್ಲ. ಬಹುಪಾಲು ಸಮಯವನ್ನು ಅದು 38ಕ್ಕಿಂತ ಮೂರು ಡಿಗ್ರಿಗೂ ಮೀರಿ ಕೆಳಗಿನ ಬಿಸಿಯಲ್ಲಿ ಕಳೆದಿತ್ತು. ಕಪ್ಪು-ಬಿಳುಪಿನಲ್ಲಿ ನಾನು 24 ಡಿಗ್ರಿಯ ಆಸುಪಾಸಿನಲ್ಲಿ ತೊಳೆಯುತ್ತೇನೆ, ಅಲ್ಲಿ ಕೋಣೆಯ ಬಿಸಿಗೂ ದ್ರಾವಣದ ಬಿಸಿಗೂ ಅಂತರವೇ ಇರುವುದಿಲ್ಲ, ಟ್ಯಾಂಕನ್ನು ಎಷ್ಟು ಹೊತ್ತು ಕೈಯಲ್ಲಿ ಹಿಡಿದರೂ ನಡೆಯುತ್ತದೆ. ಹತ್ತು ವರ್ಷದ ಆ ರೂಢಿಯನ್ನು ಯೋಚಿಸದೆ ಇಲ್ಲಿಗೂ ತಂದಿದ್ದೆ.

ಹಂಡೆಯ ನೀರು

ಪರಿಹಾರ ಮನೆಯಲ್ಲೇ ಇತ್ತು. ನಮ್ಮದು ಹಳೆಯ ಮನೆ. ಬಚ್ಚಲಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ ಇನ್ನೂ ಇದೆ. ಬಕೆಟ್ಟಿನ ನೀರು ನೋಡನೋಡುತ್ತ ಆರುತ್ತದೆ, ಹಂಡೆಯಲ್ಲಿ ಕಾದ ನೀರು ತಾಸುಗಟ್ಟಲೆ ತನ್ನ ಬಿಸಿಯನ್ನು ಹಿಡಿದಿಡುತ್ತದೆ. ಹಂಡೆಯಿಂದ ತೋಡಿ, ತಣ್ಣೀರು ಬೆರೆಸಿ, 25 ಲೀಟರಿನ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ 38.5 ಡಿಗ್ರಿಯ ನೀರನ್ನು ತುಂಬಿ, ಟಬ್ಬನ್ನು ಥರ್ಮಾಕೋಲ್ ಹಾಳೆಯ ಮೇಲೆ ಇಟ್ಟೆವು. ಬಾಟಲಿಗಳು ಕುತ್ತಿಗೆಯವರೆಗೆ ಮುಳುಗಿ 40 ನಿಮಿಷ ನಿಂತವು. ಫಿಲ್ಮು ತುಂಬಿದ ಟ್ಯಾಂಕನ್ನೂ ಖಾಲಿಯಾಗಿಯೇ ಐದು ನಿಮಿಷ ಅದೇ ನೀರಿನಲ್ಲಿ ಕೂರಿಸಿದೆ. ಬೋರಲು ಹಾಕುವ ನಾಲ್ಕೈದು ಸೆಕೆಂಡು ಬಿಟ್ಟರೆ ಉಳಿದ ಹೊತ್ತೆಲ್ಲ ಟ್ಯಾಂಕು ನೀರೊಳಗೇ ಇರಬೇಕೆಂದು ನಿಯಮ ಮಾಡಿಕೊಂಡೆ. ಕಾಕಾ ಮಣೆಯ ಮೇಲೆ ಕುಳಿತು ಚೊಂಬಿನಿಂದ ಹಂಡೆಯ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಟಬ್ಬಿನ ಬಿಸಿಯನ್ನು ಕಾಯ್ದರು. ಬರೀ ನೀರಿನ ತಾಲೀಮಿನಲ್ಲಿ ಈ ಸಲ ಹೊಯ್ದದ್ದು 38.4, ಸುರಿದದ್ದು 37.8. ಇದಕ್ಕಿಂತ ಹೆಚ್ಚಿನದನ್ನು ಬಚ್ಚಲಿನಿಂದ ನಾನು ಬಯಸುವುದಿಲ್ಲ. ಹಂಡೆ ಇಲ್ಲದ ಮನೆಯಲ್ಲಿ ಗೀಜರಿನ ನೀರಿನಿಂದಲೂ ಇದೇ ಕೆಲಸವಾಗುತ್ತದೆ. ಮುಖ್ಯವಾದದ್ದು ಟಬ್ಬಿನಲ್ಲಿ ನೀರು ಹೆಚ್ಚಿರುವುದು.

ಇಷ್ಟಾದ ಮೇಲೂ ಲಕ್ಕುಂಡಿಯ ಮೇಲೆ ಮತ್ತೊಂದು ರೀಲು ಖರ್ಚು ಮಾಡುವ ಧೈರ್ಯ ಕೂಡಲೆ ಬರಲಿಲ್ಲ. ಪರೀಕ್ಷೆಗೆಂದು ಒಂದು ರೀಲನ್ನು ಬೇರೆಯಾಗಿ ಇಟ್ಟು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋದೆವು. ಬಣ್ಣ ಪರೀಕ್ಷಿಸಲು ಸುಗ್ಗಿಯ ದಿನಗಳ ಆ ಮೆಣಸಿನಕಾಯಿ ಮಾರುಕಟ್ಟೆಗಿಂತ ತಕ್ಕ ಜಾಗ ನನಗೆ ಗೊತ್ತಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಆ ಕಾಯಿಯ ಹೆಸರು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬಿಸಿಲಿಗೆ ಹರವಿದ ‘ಡಬ್ಬಿ’ ತಳಿಯ ಕಾಯಿಯ ರಾಶಿಯ ಮುಂದೆ, ಮಾಲೀಕರ ಒಪ್ಪಿಗೆ ಪಡೆದು, ಒಂದು ಬೂದು ಬಣ್ಣದ ಅಳತೆಯ ಕಾರ್ಡನ್ನೂ ಮಡಿಸಿದ ಒಂದು ಬಿಳಿ ಧೋತರವನ್ನೂ ಇಟ್ಟು, ಒಂದೇ ದೃಶ್ಯವನ್ನು ಮೀಟರು ಹೇಳಿದಂತೆ ಒಂದು, ಅರ್ಧ ಸ್ಟಾಪು ಕಡಿಮೆ ಒಂದು, ಅರ್ಧ ಸ್ಟಾಪು ಹೆಚ್ಚು ಒಂದು ಹೀಗೆ ರೀಲು ಮುಗಿಯುವವರೆಗೆ ತೆಗೆದೆವು. ಕತ್ತಲಲ್ಲಿ ಆ ರೀಲನ್ನು ಅಂದಾಜಿನಲ್ಲಿ ಮೂರು ತುಂಡು ಮಾಡಿ ಮೂರು ಬೇರೆ ಬೇರೆ ದಿನ ತೊಳೆದೆ: ಮೊದಲ ಡೆವಲಪರಿನಲ್ಲಿ ಒಂದಕ್ಕೆ 6 ನಿಮಿಷ 15 ಸೆಕೆಂಡು, ಇನ್ನೊಂದಕ್ಕೆ ಅರ್ಧ ನಿಮಿಷ ಹೆಚ್ಚು, ಮತ್ತೊಂದಕ್ಕೆ ಒಂದು ನಿಮಿಷ ಹೆಚ್ಚು. ಬಿಸಿ ಮೂರಕ್ಕೂ ಒಂದೇ.

ಮೊದಲ ತುಂಡು ತಂತಿಯ ಮೇಲೆ ತೂಗುತ್ತಿರುವಾಗಲೇ ನನಗೆ ಉತ್ತರ ಸಿಕ್ಕಿತ್ತು. ಭೂತಗನ್ನಡಿಯಲ್ಲಿ ಒಂದೊಂದು ಕಾಯಿಯ ಸುಕ್ಕು ಬೇರೆಯಾಗಿ ಕಾಣುತ್ತಿತ್ತು. ಸುಕ್ಕಿನ ಏಣಿನ ಮೇಲೆ ಬಿಸಿಲಿನ ಸಣ್ಣ ಮಿಂಚು, ಕುಳಿಯಲ್ಲಿ ಕಪ್ಪಿಗೆ ಹತ್ತಿರವಾದ ಗಾಢ ಕೆಂಪು, ಎರಡರ ನಡುವೆ ಕೆಂಪಿನ ನಾಲ್ಕೈದು ಮೆಟ್ಟಿಲು. ತೊಟ್ಟಿನ ಒಣ ಹಳದಿ ಅದರ ಪಕ್ಕದಲ್ಲಿ ತನ್ನಷ್ಟಕ್ಕೆ ತಾನಿತ್ತು. ಧೋತರದ ಮಡಿಕೆಗಳು ಎಣಿಸುವಂತಿದ್ದವು. ಅಂಚಿನ ಅಂಕಿಗಳನ್ನು ಬೆಂಗಳೂರಿನ ತುಂಡಿನ ಪಕ್ಕ ಇಟ್ಟರೆ ಯಾವುದು ಯಾರದೆಂದು ಹೇಳುವುದು ಕಷ್ಟವಾಯಿತು. ಒಂದು ನಿಮಿಷ ಹೆಚ್ಚು ತೊಳೆದ ತುಂಡಿನಲ್ಲಿ ಧೋತರ ಬರೀ ಬಿಳಿಯ ಚೌಕವಾಗಿ ಮಡಿಕೆಗಳು ಕಾಣದಾಗಿದ್ದವು, ಕೆಂಪು ತೆಳುವಾಗಿತ್ತು. ಕೈಪಿಡಿಯ ಸಮಯ ಸರಿಯಾಗಿಯೇ ಇತ್ತು. ಮೊದಲ ರೀಲು ಕಪ್ಪಾದಾಗ ಸಮಯವನ್ನು ಹೆಚ್ಚಿಸಿ ಸುಧಾರಿಸಿಬಿಡೋಣ ಎಂಬ ಯೋಚನೆ ನನಗೆ ಬಂದಿತ್ತು. ಹಾಗೆ ಮಾಡಿದ್ದರೆ ಜನವರಿಯಲ್ಲಿ ಒಂದು ಲೆಕ್ಕ, ಟ್ಯಾಂಕಿಯ ನೀರೇ ಬೆಚ್ಚಗಿರುವ ಏಪ್ರಿಲ್‌ನಲ್ಲಿ ಇನ್ನೊಂದು ಲೆಕ್ಕ ಎಂದು ಪ್ರತಿ ಸಲ ತಡಕಾಡಬೇಕಾಗುತ್ತಿತ್ತು.

ಎರಡನೆಯ ಸಲದ ಲಕ್ಕುಂಡಿ

ಫೆಬ್ರುವರಿಯಲ್ಲಿ ಮತ್ತೆ ಹೋಗಿ ಅದೇ ಹೊತ್ತಿಗೆ, ಅದೇ ಜಾಗಗಳಲ್ಲಿ ನಿಂತು ಎರಡನೆಯ ರೀಲನ್ನು ತೆಗೆದೆವು. ಬಿಸಿಲಿನಲ್ಲಿದ್ದ ಚಿತ್ರಗಳೆಲ್ಲ ಸರಿಯಾಗಿ ಬಂದವು. ಆದರೆ ಮಂಟಪದ ನೆರಳಿನಲ್ಲಿ ತೆಗೆದ ಏಳು ಚಿತ್ರಗಳು ನೀಲಿಗೆ ತಿರುಗಿದ್ದವು. ತಿರುಗಣಿಯಲ್ಲಿ ಕಡೆದು ನುಣುಪು ಮಾಡಿದ ಆ ಕಂಬಗಳು ಉಕ್ಕಿನಂತೆ ಕಾಣುತ್ತಿದ್ದವು. ಕಲರ್ ಡೆವಲಪರ್ ಕೆಟ್ಟಿತೇ ಎಂದು ಒಂದು ಕ್ಷಣ ಅಂಜಿದೆ, ಆದರೆ ಅಷ್ಟು ಹೊತ್ತಿಗೆ ಹೇಗೆ ಯೋಚಿಸಬೇಕೆಂಬುದು ತಿಳಿದಿತ್ತು. ದ್ರಾವಣ ಕೆಟ್ಟರೆ ಅದು ಚಿತ್ರವನ್ನು ಆರಿಸಿಕೊಂಡು ಕೆಡಿಸುವುದಿಲ್ಲ, ಇಡೀ ರೀಲನ್ನು ಕೆಡಿಸುತ್ತದೆ. ಇಲ್ಲಿ ಹತ್ತನೆಯ ಚಿತ್ರ ಬಿಸಿಲಿನದು, ಸರಿಯಾಗಿದೆ. ಹನ್ನೊಂದನೆಯದು ನೆರಳಿನದು, ನೀಲಿಯಾಗಿದೆ. ಇದು ಬೆಳಕಿನ ಗುಣ. ಬಿಸಿಲು ನೇರವಾಗಿ ಬೀಳದ ಜಾಗಕ್ಕೆ ಬರುವುದು ನೀಲಿ ಆಕಾಶದ ಬೆಳಕು. ನಮ್ಮ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಹಗಲು ಬೆಳಕಿಗೆಂದು ಮಾಡಿದ ಸ್ಲೈಡ್ ಫಿಲ್ಮು ಇದ್ದದ್ದನ್ನು ಇದ್ದಂತೆ ಬರೆದುಕೊಳ್ಳುತ್ತದೆ. ಕಾಕಾನ ಹಳೆಯ ಸ್ಲೈಡುಗಳಲ್ಲಿ ಮಂಟಪದ ಒಳಗು ಬೆಚ್ಚಗೆ ಕಾಣುವುದರ ಗುಟ್ಟು ಅವರ ಚೀಲದಲ್ಲೇ ಇತ್ತು: ತೆಳು ಕಂದುಹಳದಿಯ ಒಂದು ಫಿಲ್ಟರ್. ಅದನ್ನು ಲೆನ್ಸಿಗೆ ಹಾಕಲು ನನಗೆ ಹೇಳಲು ಮರೆತೆನೆಂದು ಅವರು ಬಹಳ ಪೇಚಾಡಿಕೊಂಡರು.

ನೀರಿನ ಕಲೆಗಳ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಮಲಪ್ರಭೆಯ ನಲ್ಲಿ ನೀರು ನಮ್ಮ ಓಣಿಗೆ ದಿನ ಬಿಟ್ಟು ದಿನ ಬರುವುದಲ್ಲ, ಕೆಲವೊಮ್ಮೆ ವಾರವಾದರೂ ಕಾಯಬೇಕು. ನಡುವೆ ಬೋರ್‌ವೆಲ್ ನೀರೇ ಗತಿ. ಮೊದಲ ರೀಲಿನ ಕೊನೆಯ ತೊಳೆತವನ್ನು ಬೋರಿನ ಗಡಸು ನೀರಿನಲ್ಲಿ ಮಾಡಿದ್ದರಿಂದ ಒಣಗಿದ ಮೇಲೆ ಫಿಲ್ಮಿನ ಮೇಲೆ ಸುಣ್ಣದ ಬಿಳಿ ಹನಿಗಳು ಉಳಿದಿದ್ದವು. ಎರಡನೆಯ ಸಲ ದ್ರಾವಣ ಮತ್ತು ಸ್ಟೆಬಿಲೈಜರ್ ಎರಡಕ್ಕೂ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬಳಸಿದೆ. ಕಲೆಗಳು ಇಲ್ಲವಾದವು.

ನಮ್ಮ ಬಚ್ಚಲಿನ ನೀರು ಹಿತ್ತಲಿನ ಬಾಳೆಯ ಬುಡಕ್ಕೆ ಹೋಗುತ್ತದೆ. ಬೆಳ್ಳಿ ತುಂಬಿದ ಬ್ಲಿಕ್ಸನ್ನು ಅಲ್ಲಿಗೆ ಬಿಡುವುದು ತಪ್ಪು, ಆದ್ದರಿಂದ ಬಳಸಿದ ಬ್ಲಿಕ್ಸನ್ನೂ ಅದರ ನಂತರದ ಮೊದಲ ತೊಳೆತದ ನೀರನ್ನೂ ಹೆಸರು ಬರೆದ ಕ್ಯಾನಿನಲ್ಲಿ ಬೇರೆ ಕೂಡಿಡುತ್ತಿದ್ದೇನೆ. ಕಲರ್ ಡೆವಲಪರ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಗಂದೆ ಏಳುತ್ತವೆ. ಕೈಗವಸು ಇಲ್ಲದೆ ಅದನ್ನು ಮುಟ್ಟಬಾರದು, ಅದಕ್ಕೆ ಬಳಸಿದ ಪಾತ್ರೆ ಅಡುಗೆಮನೆಗೆ ಮರಳಬಾರದು.

ಚೌಕಟ್ಟು ಹಾಕಿದ ಮೇಲೆ ಒಂದು ರಾತ್ರಿ ಪಡಸಾಲೆಯ ಗೋಡೆಗೆ ಬಿಳಿ ಹಾಸು ಕಟ್ಟಿ, ಕಾಕಾನ ಪ್ರೊಜೆಕ್ಟರಿನಲ್ಲಿ ಮೂರು ಸ್ಲೈಡುಗಳನ್ನು ಒಂದರ ಹಿಂದೆ ಒಂದು ತೋರಿಸಿದೆವು: 1980ರ ದಶಕದ ಬಾಗಿಲವಾಡ, ಜನವರಿಯ ಕಪ್ಪಿಟ್ಟದ್ದು, ಫೆಬ್ರುವರಿಯದು. ಮೂರನೆಯದು ಬಿದ್ದಾಗ ಕಾಕಾ ಎದ್ದು ಹೋಗಿ ಹಾಸಿನ ಹತ್ತಿರ ನಿಂತು, ಬಾಗಿಲವಾಡದ ಬಳ್ಳಿಯ ಸುರುಳಿಯ ಮೇಲೆ ಬೆರಳಾಡಿಸುತ್ತ, “ಈಗ ಕಲ್ಲು ಕಲ್ಲಿನಂಗ ಕಾಣಸ್ತದ” ಎಂದರು. ಆಮೇಲೆ ತಿರುಗಿ, ನೆರಳಿನ ಆ ಏಳು ಚಿತ್ರಗಳನ್ನು ಫಿಲ್ಟರ್ ಹಾಕಿ ಮತ್ತೆ ತೆಗೆಯಲು ಯಾವಾಗ ಹೋಗೋಣ ಎಂದು ಕೇಳಿದರು. ಕಿಟ್ಟಿನಲ್ಲಿ ಇನ್ನೂ ಕೆಲವು ರೀಲುಗಳಿಗೆ ಆಗುವಷ್ಟು ದ್ರಾವಣ ಉಳಿದಿದೆ. ಅದು ಹಳತಾಗುವುದರೊಳಗೆ, ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಹೋಗುವುದೆಂದು ಮಾತಾಗಿದೆ.